ಸೋಮವಾರ ಬೆಳೆಯದ ಬೂಷ್ಟು

ವಿಜ್ಞಾನದ ರೆಕಾರ್ಡ್ ಬರೆಯುವ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ನಾನು ಕಾನ್ವೆಂಟಿನ ಸಿಸ್ಟರುಗಳ ಶಾಲೆಯಲ್ಲಿ ಓದಿದವಳು. ಬಲಗಡೆಯ ಪುಟದಲ್ಲಿ ಬರಹ, ಎಡಗಡೆಯ ಪುಟದಲ್ಲಿ ಚಿತ್ರ. ಚಿತ್ರಕ್ಕೆ ಪೆನ್ಸಿಲ್, ಗೆರೆಗೆ ಸ್ಕೇಲು. ಹತ್ತನೇ ವರ್ಗದ ನನ್ನ ರೆಕಾರ್ಡಿನಲ್ಲಿ ಒಂದೇ ಒಂದು ಚಿತ್ತು, ಕಾಟು ಇರಲಿಲ್ಲ. ಸಿಸ್ಟರ್ ಅದನ್ನು ಇಡೀ ವರ್ಗಕ್ಕೆ ಎತ್ತಿ ತೋರಿಸಿದ್ದರು. ಅದರೊಳಗಿನ ಅರ್ಧದಷ್ಟು ಪ್ರಯೋಗಗಳನ್ನು ನಾನು ಮಾಡಿಯೇ ಇರಲಿಲ್ಲ, ಆ ಮಾತು ಬೇರೆ!

ಹೀಗಾಗಿ ಎಂಟನೇ ವರ್ಗದಲ್ಲಿರುವ ನನ್ನ ಮಗಳು ಸಹನಾಳ ಶಾಲೆಯಲ್ಲಿ ಪಾಲಕರ ಸಭೆ ಕರೆದು, “ಈ ವರ್ಷ ರೆಕಾರ್ಡ್ ಪುಸ್ತಕ ಇಲ್ಲ, ಮಕ್ಕಳು ತಮ್ಮ ಪ್ರಯೋಗವನ್ನು ಮೊಬೈಲಿನಲ್ಲಿ ದಾಖಲಿಸುತ್ತಾರೆ” ಎಂದು ತಿಳಿಸಿದಾಗ, ಉಳಿದ ತಾಯಂದಿರು ಗಾಬರಿಯಾದರೂ ನಾನು ಆಗಲಿಲ್ಲ. ವಿಜ್ಞಾನದ ಸುಜಾತಾ ಟೀಚರ್ ಒಂದು ಆ್ಯಪ್ ತೋರಿಸಿದರು. ಮಗು ಒಂದು ಪ್ರಶ್ನೆ ಆರಿಸಿಕೊಳ್ಳಬೇಕು. ದಿನಾ ಒಂದು ಫೋಟೊ, ಒಂದು ಅಳತೆ, ಕೆಳಗೆ ‘ನಾನು ಕಂಡದ್ದು’ ಮತ್ತು ‘ನನಗೆ ಅನ್ನಿಸಿದ್ದು’ ಎಂಬ ಎರಡು ಖಾನೆ. ಅಳತೆಗಳನ್ನು ಕೂಡಿಸಿ ಆ್ಯಪ್ ತಾನೇ ಗೆರೆ ಎಳೆದು ತೋರಿಸುತ್ತದೆ. ಟೀಚರ್ ಮತ್ತು ಜೊತೆಯ ಮಕ್ಕಳು ಅದನ್ನು ಓದಿ, ಕೆಳಗೆ ಪ್ರಶ್ನೆ ಕೇಳಬಹುದು.

“ಮನಿಯವ್ರು ಫೋನ್ ಕೊಟ್ರ ಸಾಕ್ರಿ. ಬ್ಯಾರೆ ಏನೂ ಮಾಡೂದು ಬ್ಯಾಡ,” ಎಂದರು ಟೀಚರ್.

ಇದನ್ನು ಉಳಿದವರಿಗೆ ಹೇಳಿದ್ದಾರೆ ಎಂದು ನಾನು ತಿಳಿದುಕೊಂಡೆ.

ಸಹನಾ ಆರಿಸಿಕೊಂಡ ಪ್ರಶ್ನೆ ನಮ್ಮ ಅಡಿಗೆಮನೆಯದೇ ಆಗಿತ್ತು: ಕಡಕ್ ರೊಟ್ಟಿಗೆ ಬೂಷ್ಟು ಯಾಕೆ ಬೇಗ ಬರುವುದಿಲ್ಲ? ಪ್ರಶ್ನೆ ಕೇಳಿ ನನ್ನ ಅತ್ತೆಗೆ ಸಿಟ್ಟು ಬಂತು. ಅವರು ಧಾರವಾಡದ ಕಡೆಯವರು. ನನ್ನ ಗಂಡನಿಗೆ ಇಲ್ಲಿ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದು ಇಪ್ಪತ್ತು ವರ್ಷವಾದರೂ, ದಾಂಡೇಲಿಯ ಹವೆ ರೊಟ್ಟಿಗೆ ಒಗ್ಗುವುದಿಲ್ಲ ಎಂಬ ಅವರ ತೀರ್ಮಾನ ಬದಲಾಗಿಲ್ಲ.

“ಬೇಗ ಬರೂದಿಲ್ಲ ಅಂದ್ರೇನ? ನನ್ನ ಕೈ ರೊಟ್ಟಿಗೆ ಬೂಷ್ಟ ಬರೂದ ಇಲ್ಲ. ತಡಿ, ನಾನ ಬಡದು ಕೊಡ್ತೇನಿ. ಅದರ ಫೋಟೊ ಹಿಡಿ!”

ಹೀಗೆ ಅತ್ತೆ ಅಂಗೈ ಅಗಲದ ಒಂದು ಚಿಕ್ಕ ಜೋಳದ ರೊಟ್ಟಿ ಬಡಿದು, ಒಣಗಿಸಿ, ಕಡಕ್ ಮಾಡಿ ಕೊಟ್ಟರು. ಶುಕ್ರವಾರ ಸಂಜೆ ಐದಕ್ಕೆ ಪ್ರಯೋಗ ಶುರು. ನಾಲ್ಕು ಪಾರದರ್ಶಕ ಡಬ್ಬಿ. ಒಂದರಲ್ಲಿ ಅತ್ತೆಯ ಕಡಕ್ ರೊಟ್ಟಿ, ಒಂದರಲ್ಲಿ ಮೆತ್ತನ ರೊಟ್ಟಿ, ಒಂದರಲ್ಲಿ ಚಪಾತಿ, ಒಂದರಲ್ಲಿ ಬೇಕರಿಯ ಬ್ರೆಡ್ಡು. ಪ್ರತಿ ಡಬ್ಬಿಯೊಳಗೆ ತಳದಲ್ಲಿ ಚೌಕುಳಿ ಕಾಗದ. ಎಷ್ಟು ಚೌಕ ಬೂಷ್ಟು ಬಂತು ಎಂದು ಎಣಿಸಲಿಕ್ಕೆ. ಆ ಕಾಗದವನ್ನು ಅವಳು ಸ್ಕೇಲು ಹಿಡಿದು ಎಷ್ಟು ನೀಟಾಗಿ ಕತ್ತರಿಸಿದ್ದಳೆಂದರೆ ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು. ಮುಚ್ಚಳಗಳ ಮೇಲೆ ಚೀಟಿ: ‘ಯಾರೂ ಮುಟ್ಟಬಾರದು.’ ನಾಲ್ಕೂ ಡಬ್ಬಿ ಒಲೆಯ ಪಕ್ಕದ ಕಟ್ಟೆಯ ಮೇಲೆ, ನನ್ನ ರೊಟ್ಟಿಯ ಬುಟ್ಟಿಯ ಬದಿಗೆ ಕುಳಿತವು.

ನನ್ನ ಮೊದಲ ತಪ್ಪು ಮೂರನೇ ದಿನ ಆಯಿತು. ಅಂದು ಸಹನಾ ಬರೆದಿದ್ದಳು: ‘ಚಪಾತಿಗೆ ಮೊದಲು ಬರುತ್ತದೆ ಅಂದುಕೊಂಡಿದ್ದೆ. ಮೆತ್ತನ ರೊಟ್ಟಿಗೆ ಮೊದಲು ಬಂತು. ಯಾಕೆ ಅಂತ ಗೊತ್ತಿಲ್ಲ.’ ಓದಿ ನನಗೆ ಮುಜುಗರವಾಯಿತು. ಗೊತ್ತಿಲ್ಲ ಎಂದು ರೆಕಾರ್ಡಿನಲ್ಲಿ ಬರೆಯುವುದುಂಟೆ? ಅವಳು ಗೆಳತಿಯ ಮನೆಗೆ ಹೋದಾಗ ಅದನ್ನು ಅಳಿಸಿ ಬರೆದೆ: ‘ಇದರಿಂದ ನಾವು ಆಹಾರವನ್ನು ಶುಚಿಯಾಗಿ ಇಡಬೇಕೆಂಬ ಪಾಠವನ್ನು ಕಲಿಯುತ್ತೇವೆ.’

ಆ ಆ್ಯಪಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ‘ತಿದ್ದಲಾಗಿದೆ, ಹಿಂದಿನದನ್ನು ನೋಡಿ’ ಎಂದು ಹಾಕಿತು. ಟೀಚರ್ ಹಿಂದಿನದನ್ನು ನೋಡಿದರು. ‘ಸಹನಾ, ಮೊದಲು ಬರೆದ ಗೊತ್ತಿಲ್ಲ ಚೆನ್ನಾಗಿತ್ತು. ಅದನ್ನೇ ಇಡು’ ಎಂದು ಬರೆದರು.

“ಮಮ್ಮಿ, ಇದು ನಿಂದು ರೆಕಾರ್ಡ್ ಅಲ್ಲ!” ಎಂದಳು ಮಗಳು.

ಇನ್ನು ಮುಂದೆ ಫೋನ್ ತೆರೆದು ಕೊಡುವುದಷ್ಟೇ ನನ್ನ ಕೆಲಸ, ಪ್ರಯೋಗಕ್ಕೆ ಕೈ ಹಚ್ಚುವುದಿಲ್ಲ ಎಂದು ದೇವರ ಮುಂದೆ ನಿಂತು ಮಾತು ಕೊಟ್ಟೆ.

ಆರನೇ ದಿನ, ಬುಧವಾರ, ಮನೆಯಲ್ಲಿ ಕೂಗಾಟ.

“ಅಜ್ಜಿ! ಕಡಕ್ ರೊಟ್ಟಿಗೂ ಬಂತು! ಕಂದು ಬಣ್ಣದ ಬೂಷ್ಟ!”

ಅತ್ತೆ ದೇವರ ಮನೆಯಿಂದ ಎದ್ದು ಬಂದರು. ನೋಡಿದರು. ಡಬ್ಬಿಯೊಳಗಿನ ರೊಟ್ಟಿಯ ಮೇಲೆ ಎರಡು ಹೊಸ ಕಂದು ಚುಕ್ಕೆ ನಿಜವಾಗಿಯೂ ಇದ್ದವು.

“ಅದು ಸುಟ್ಟ ಕಲಿ ಇರಬೇಕು, ಹುಚ್ಚಿ,” ಎಂದರು ಅತ್ತೆ.

“ಮೊದಲನೇ ದಿನದ ಫೋಟೊದಾಗ ಮೂರ ಕಲಿ ಇದ್ದುವು ಅಜ್ಜಿ. ಈಗ ಐದ ಅದಾವು. ರೊಟ್ಟಿ ಡಬ್ಬಿಯೊಳಗ ಕುಂತು ತನ್ನಷ್ಟಕ್ಕ ತಾನ ಸುಡ್ತೈತೇನು?”

ಸಹನಾ ನನ್ನ ಕಡೆ ತಿರುಗಿದಳು.

“ಮಮ್ಮಿ, ನೀ ಡಬ್ಬಿ ಮುಟ್ಟಿಯೇನು?”

“ನಾ ಯಾಕ ಮುಟ್ಟಲಿ!” ಎಂದೆ. ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿಲ್ಲದೆ ಅಂದ ಮಾತು ಅದು.

ಅಂದು ಅವಳು ಬರೆದದ್ದು: ‘ಕಂದು ಬೂಷ್ಟಿಗೆ ಕೂದಲಿನಂಥ ಎಳೆ ಇಲ್ಲ. ಹುರಿದ ವಾಸನೆ ಬರುತ್ತದೆ.’ ಜೊತೆಯ ಮಕ್ಕಳು ಕೆಳಗೆ ಚಪ್ಪಾಳೆಯ ಚಿತ್ರಗಳನ್ನು ಒತ್ತಿದರು. ಒಬ್ಬನಂತೂ ಈ ಬೂಷ್ಟಿಗೆ ಸಹನಾಳ ಹೆಸರೇ ಇಡಬೇಕು ಎಂದು ಸೂಚಿಸಿದ. ಟೀಚರ್ ಮಾತ್ರ ‘ನೋಡುತ್ತಿರು’ ಎಂದಷ್ಟೇ ಬರೆದರು.

ಅವಳು ನೋಡುತ್ತಿದ್ದಳು. ಗುರುವಾರ ನಾಲ್ಕು ಚೌಕ. ಶುಕ್ರವಾರ ಆರು. ಶನಿವಾರ ಏಳು. ಗೆರೆ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತಿತ್ತು. ಮುಂದಿನ ವಾರ, ಹಳಿಯಾಳದಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ಶಾಲೆಯಿಂದ ಸಹನಾಳ ಹೆಸರು ಹೋಯಿತು. ನನ್ನ ಗಂಡ ಮಿಲ್ಲಿನಲ್ಲಿ ತನ್ನ ಪಾಳಿಯವರಿಗೆಲ್ಲ ಹೇಳಿಬಂದರು. ನಾನು ಓಣಿಯಲ್ಲಿ ಹೇಳಿದೆ. ನಾವಿಬ್ಬರೂ ಹೇಳಿದ ಮೇಲೆ ದಾಂಡೇಲಿಯಲ್ಲಿ ಕೇಳದೆ ಉಳಿದವರು ಬಹಳ ಜನ ಇರಲಿಕ್ಕಿಲ್ಲ.

ಅವಳು ಮಾತ್ರ ಹೆಚ್ಚು ಮಾತಾಡಲಿಲ್ಲ. ಸಂಜೆ ಚೌಕ ಎಣಿಸುವಾಗ ತುಟಿ ಮಾತ್ರ ಅಲುಗುತ್ತಿತ್ತು. ಒಂದು ಸಲ ಎಣಿಸಿ, ನಂಬದೆ ಇನ್ನೊಂದು ಸಲ ಎಣಿಸುತ್ತಿದ್ದಳು. ಇಷ್ಟು ದಿನ ಪಾಠದ ಪುಸ್ತಕ ಕಂಡರೆ ಆಕಳಿಸುತ್ತಿದ್ದ ಹುಡುಗಿ.

ಮೂರನೇ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಫೋನ್ ಟಿಣ್ ಎಂದಿತು. ಟೀಚರ್ ಸಹನಾಳ ದಾಖಲೆಯ ಕೆಳಗೆ ಪ್ರಶ್ನೆ ಬರೆದಿದ್ದರು: ‘ನಿನ್ನ ಗೆರೆ ದಿನಾ ಏರುತ್ತದೆ. ಎರಡು ಕಡೆ ಮಾತ್ರ ಮಲಗಿದೆ. ಎರಡೂ ಸೋಮವಾರ. ಸೋಮವಾರ ನಿಮ್ಮ ಮನೆಯಲ್ಲಿ ಏನು ಬೇರೆ ಇರುತ್ತದೆ?’

ಮಗಳು ಶಾಲೆಯಲ್ಲಿದ್ದಳು. ಟೀಚರ್ ಕೇಳಿದ್ದಕ್ಕೆ ಕೂಡಲೇ ಉತ್ತರ ಕೊಡಬೇಕೆಂದು ನಮಗೆ ಕಲಿಸಿದ್ದಾರೆ. ಮಾತು ಕೊಟ್ಟಿದ್ದು ನೆನಪಾಯಿತು, ಆದರೆ ಉತ್ತರ ಬರೆಯುವುದು ತಿದ್ದುವುದಲ್ಲವಲ್ಲ! ಬರೆದೆ: ‘ಸೋಮವಾರ ಈಶ್ವರನ ವಾರ. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪತ್ತು ಮಾಡುತ್ತಾರೆ.’

ಮರುಕ್ಷಣ ಉತ್ತರ ಬಂತು: ‘ಬೂಷ್ಟೂ?’

ಅದರ ಹಿಂದೆಯೇ ಇನ್ನೊಂದು: ‘ಸಹನಾ ಈಗ ನನ್ನ ಎದುರು ಎರಡನೇ ಬೆಂಚಿನಲ್ಲಿ ಕುಳಿತಿದ್ದಾಳೆ. ಬರೆಯುತ್ತಿರುವವರು ಯಾರು?’

ಫೋನನ್ನು ಮಗುಚಿ ಇಟ್ಟೆ. ಇಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಅಡಿಗೆಮನೆಯೇ ಗತಿ. ಹಂಚು ಇಟ್ಟೆ, ರೊಟ್ಟಿ ಬಡಿದೆ. ಎಲ್ಲ ಮುಗಿದ ಮೇಲೆ, ದಿನದ ಹಾಗೆ, ಬುಟ್ಟಿಯಲ್ಲಿದ್ದ ಹಳೆಯ ಕಡಕ್ ರೊಟ್ಟಿಗಳನ್ನು ಒತ್ತಿ ನೋಡಿದೆ. ನದಿಯ ದಂಡೆಯ ಊರು, ಹವೆಯಲ್ಲಿ ತೇವ; ಕಡಕ್ ರೊಟ್ಟಿ ಎರಡು ದಿನಕ್ಕೆ ಹಸಿ ಹಪ್ಪಳದ ಹಾಗೆ ಬಾಗುತ್ತದೆ. ಬಾಗಿದ್ದನ್ನು ಬಿಸಿ ಹಂಚಿನ ಮೇಲೆ ಹಾಕಿ, ಬಟ್ಟೆಯಿಂದ ಒತ್ತಿ, ಮತ್ತೆ ಕಡಕ್ ಮಾಡಿ ಇಡಬೇಕು. ಒಂದು, ಎರಡು, ಮೂರು. ನಾಲ್ಕನೆಯದನ್ನು ಒತ್ತುತ್ತಿದ್ದೆ. ಅದು ಬಹಳ ಚಿಕ್ಕದಿತ್ತು.

ಅಂಗೈ ಅಗಲ.

ನನ್ನ ಎಡಗೈಯಲ್ಲಿ ಡಬ್ಬಿಯ ಮುಚ್ಚಳ. ಮುಚ್ಚಳದ ಮೇಲೆ ಚೀಟಿ: ‘ಯಾರೂ ಮುಟ್ಟಬಾರದು.’ ಬಲಗೈಯ ಕೆಳಗೆ ಮುಟ್ಟಬಾರದ್ದು. ಅದರ ಕೆಳಗೆ ಹಂಚು!

ಹದಿನೇಳು ವರ್ಷದಿಂದ, ಮೆತ್ತಗಾದ ರೊಟ್ಟಿ ಕಂಡಲ್ಲಿ ಹಂಚಿಗೆ ಹಾಕಿದ ಕೈ ಇದು. ನನ್ನನ್ನು ಕೇಳಿ ಮಾಡುವುದಿಲ್ಲ. ಎರಡು ವಾರದಿಂದ ದಿನಾ ಮಧ್ಯಾಹ್ನ ಅತ್ತೆಯ ರೊಟ್ಟಿಯನ್ನು ಡಬ್ಬಿಯಿಂದ ತೆಗೆದು, ಬಿಸಿ ಮಾಡಿ, ತಿರುಗಿ ಅಚ್ಚುಕಟ್ಟಾಗಿ ಚೌಕುಳಿ ಕಾಗದದ ಮೇಲೆ ಇಟ್ಟು, ಮುಚ್ಚಳ ಹಾಕಿತ್ತು. ಸೋಮವಾರ ನಮ್ಮ ಮನೆಯಲ್ಲಿ ಹಂಚು ಇಡುವುದಿಲ್ಲ, ಅವಲಕ್ಕಿಯ ಮೇಲೆ ಇರುತ್ತೇವೆ. ಬೂಷ್ಟು ಒಪ್ಪತ್ತು ಮಾಡಿದ್ದರ ರಹಸ್ಯ ಅದು.

ಶನಿವಾರ ಹಳಿಯಾಳ. ಮಗಳು ಹತ್ತು ಶಾಲೆಗಳ ಮುಂದೆ ನಿಂತು ನನ್ನ ಹಂಚಿನ ಕಲೆಯನ್ನು ಹೊಸ ಬೂಷ್ಟು ಎಂದು ವಿವರಿಸುತ್ತಾಳೆ. ಯಾರಾದರೂ ಒಬ್ಬ ಅಜ್ಜಿ ಮುಂದೆ ಬಂದು “ಏ ತಂಗಿ, ಇದು ಸುಟ್ಟ ರೊಟ್ಟಿ” ಎಂದರೆ ಸಾಕು.

ಸಂಜೆ ಅವಳು ಬಂದ ಕೂಡಲೇ ನಿಜ ಹೇಳಬೇಕಿತ್ತು. ಸುಲಭವಾದ, ಸರಿಯಾದ ದಾರಿ. ನಾನು ಅದನ್ನು ಹಿಡಿಯಲಿಲ್ಲ. ಕಾಟು ಬಿದ್ದ ಪುಟವನ್ನು ಹರಿದು ಹೊಸ ಪುಟ ಬರೆದೇ ಮೆಚ್ಚುಗೆ ಪಡೆದವಳಲ್ಲವೆ ನಾನು! ಅಂಗೈ ಅಗಲದ ಹೊಸ ರೊಟ್ಟಿಯೊಂದನ್ನು ಬಡಿದೆ. ಸಣ್ಣ ಉರಿಯಲ್ಲಿ, ಒಂದೂ ಹೆಚ್ಚಿನ ಕಲೆ ಬೀಳದಂತೆ ಕಡಕ್ ಮಾಡಿ ಡಬ್ಬಿಯಲ್ಲಿಟ್ಟೆ. ಕಂದು ಬೂಷ್ಟು ಬಂದ ಹಾಗೆಯೇ ಹೋಯಿತು ಎಂದಾದರೆ, ಉಳಿದ ಮೂರು ಡಬ್ಬಿಯ ನಿಜವಾದ ಬೂಷ್ಟನ್ನು ಒಯ್ಯುತ್ತಾಳೆ, ಮರ್ಯಾದೆ ಉಳಿಯುತ್ತದೆ. ಹಳೆಯ ರೊಟ್ಟಿ ಎಲ್ಲಿಡುವುದು? ಸಾಕ್ಷ್ಯಕ್ಕೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದುಬಿಟ್ಟೆ.

ಐದು ಗಂಟೆಗೆ ಸಹನಾ ಡಬ್ಬಿ ತೆರೆದಳು. ಗಂಡ ಮೊದಲ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು.

“ಪಪ್ಪಾ! ಬೂಷ್ಟ ಹೋಗೈತಿ! ಒಂದೂ ಇಲ್ಲ!”

“ಹೋದ್ರ ಹೋಗಲಿ ಬಿಡು, ಛಲೋನ ಆತು,” ಎಂದೆ, ಬಟ್ಟೆ ಮಡಚುತ್ತ. ಒಂದೇ ಟವೆಲ್ಲನ್ನು ಮೂರು ಸಲ ಮಡಚಿದೆ ಎಂದು ಆಮೇಲೆ ಗೊತ್ತಾಯಿತು.

ಆ ಆ್ಯಪಿನಲ್ಲಿ ನನಗೆ ಗೊತ್ತಿಲ್ಲದ ಒಂದು ಸೌಕರ್ಯವಿತ್ತು. ಯಾವುದೇ ಎರಡು ದಿನದ ಫೋಟೊಗಳನ್ನು ಅದು ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಸಹನಾ ನಿನ್ನೆಯದನ್ನೂ ಇಂದಿನದನ್ನೂ ಇಟ್ಟಳು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಬಗ್ಗಿದರು. ಬಹಳ ಹೊತ್ತು ನೋಡಿದರು.

“ಇದು ನನ್ನ ಕೈ ರೊಟ್ಟಿ ಅಲ್ಲ.”

“ಅತ್ತಿ, ಫೋಟೊದಾಗ ಹಂಗ ಕಾಣಸ್ತೈತ್ರಿ,” ಎಂದೆ.

“ಐವತ್ತ ವರ್ಷ ರೊಟ್ಟಿ ಬಡದೀನಿ. ಫೋಟೊ ಇರ್ಲಿ, ಕನಸಿನ್ಯಾಗ ಬಂದ್ರೂ ನನ್ನ ರೊಟ್ಟಿ ನನಗ ಗೊತ್ತಾಗ್ತೈತಿ. ಅಂಚ ನೋಡು, ಹೆಂಗ ಸೀಳೇತಿ. ನಡಕ ದಪ್ಪ, ಕಡೀಗೆ ತೆಳ್ಳಗ. ಹಿಟ್ಟ ಸರಿ ನಾದಿಲ್ಲ. ಇದು ಶೈಲಾನ ರೊಟ್ಟಿ!”

ನನ್ನ ರೊಟ್ಟಿಯ ಬಗ್ಗೆ ಹದಿನೇಳು ವರ್ಷ ಬಾಯಿಬಿಟ್ಟು ಹೇಳದೆ ಇಟ್ಟುಕೊಂಡಿದ್ದ ವಿಮರ್ಶೆ ಅಂದು ಫೋಟೊ ಸಮೇತ ಹೊರಬಿತ್ತು.

“ಮಮ್ಮಿ,” ಎಂದಳು ಸಹನಾ ಮೆಲ್ಲಗೆ, “ಅಜ್ಜಿ ರೊಟ್ಟಿ ಎಲ್ಲೈತಿ?”

“ತಿಂದೆ.”

“ಬೂಷ್ಟ ತಿಂದ್ಯಾ?” ಮಗಳು ಡಬ್ಬಿ ಕೆಳಗಿಟ್ಟು ಎದ್ದಳು. “ಪಪ್ಪಾ, ಏಳ್ರಿ! ಮಮ್ಮಿ ಬೂಷ್ಟ ತಿಂದಾಳ! ಯಾವ ಜಾತಿ ಅಂತ ಸೈತ ಗೊತ್ತಿಲ್ಲ! ದವಾಖಾನಿಗೆ ಹೋಗೂಣು!”

ಗಂಡ ಚಹಾ ಬಿಟ್ಟು ಸ್ಕೂಟರಿನ ಕೀಲಿ ಹುಡುಕತೊಡಗಿದರು. ಅತ್ತೆ ಉಪ್ಪಿನ ನೀರು ಕುಡಿಸಲು ಒಳಗೆ ಓಡಿದರು. ಮಗಳು ನನ್ನ ಕೈ ಹಿಡಿದು ಎಳೆಯುತ್ತಿದ್ದಳು. ಇನ್ನು ಮುಚ್ಚಿಡಲಾಗಲಿಲ್ಲ.

“ಅದು ಬೂಷ್ಟ ಅಲ್ಲವ್ವಾ. ಹಂಚಿನ ಕಲಿ. ರೊಟ್ಟಿ ಮೆತ್ತಗಾಗಿತ್ತು… ದಿನಾ ನಾನ ಬಿಸಿ ಮಾಡಿ ಇಡ್ತಿದ್ದೆ. ನನಗ ಖಬರಿಲ್ಲದ.”

ಎಲ್ಲರೂ ನಿಂತಲ್ಲೇ ನಿಂತರು. ಸಹನಾ ನನ್ನ ಕೈ ಬಿಟ್ಟಳು. ಫೋನಿನಲ್ಲಿ ಏರುತ್ತ ಹೋದ ಗೆರೆಯನ್ನು ನೋಡಿದಳು.

“ಅಂದ್ರ ಇದು ಬೂಷ್ಟದ ಗೆರಿ ಅಲ್ಲ. ನಿಂದು.”

ಗಂಡ ಕೀಲಿ ಇಟ್ಟು, ತಣ್ಣಗಾದ ಚಹಾ ಎತ್ತಿಕೊಂಡರು. “ನಮ್ಮ ಮಿಲ್ಲಿನ್ಯಾಗ ಮಷಿನ್ ಮುಟ್ಟಿದವ್ರು ಲಾಗ್ ಬುಕ್ಕಿನ್ಯಾಗ ಸಹಿ ಮಾಡ್ಬೇಕು. ನೀ ಎರಡ ವಾರ ಸಹಿ ಇಲ್ಲದ ಮಷಿನ್ ನಡಿಸೀದಿ ನೋಡು.”

ಸಹನಾ ಕಟ್ಟೆಯ ಮೂಲೆಯಲ್ಲಿ ಕುಳಿತಳು. “ಶನಿವಾರ ನಾ ಹಳಿಯಾಳಕ್ಕ ಏನ್ ಒಯ್ಲಿ?” ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿ ಉತ್ತರ ಬೇಕಾಗಿಯೇ ಕೇಳಿದ್ದಳು.

ಆಗಲೂ ನನ್ನ ಬುದ್ಧಿ ಹೋದದ್ದು ರಬ್ಬರಿನ ಕಡೆಗೇ. “ಆ ಬುಧವಾರದಿಂದ ಬರದಿದ್ದೆಲ್ಲಾ ಅಳಿಸಿಬಿಡೂಣು,” ಎಂದೆ.

“ಅಳಿಸಿದ್ರ ಅಳಿಸಿದ್ದೂ ಕಾಣಸ್ತೈತಿ, ಮಮ್ಮಿ.”

ಕೊನೆಗೆ ನಾನೇ ಟೀಚರಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಆ ಕಡೆ ಟೀಚರ್ ಕೆಮ್ಮಿದರು. ನಗು ತಡೆಯುವ ಕೆಮ್ಮು ಎಂದು ಗೊತ್ತಾಗುತ್ತಿತ್ತು.

“ನನಗ ಮೊದಲನೇ ದಿನಾನ ಸಂಶಯ ಇತ್ರಿ. ಬೂಷ್ಟಿಗೆ ಹುರಿದ ವಾಸನಿ ಬರೂದು ನಾ ಎಲ್ಲೂ ಕೇಳಿಲ್ಲ.”

“ಮತ್ತ ಆವಾಗ ಹೇಳಬಾರದಿತ್ತೇನ್ರಿ?”

“ಅಕಿ ಬರದಿಟ್ಟಿದ್ದ ದಾಖಲೆನ ಅಕೀಗೆ ಹೇಳ್ತೈತಿ ಅಂತ ಕಾದೆ. ಹೆಸರು ಕಳಿಸಿದ್ದು ಕಂದು ಬೂಷ್ಟಿಗೆ ಅಲ್ರಿ, ಅಕಿ ದಿನಾ ಎಣಿಸಿದ್ದಕ್ಕ. ಏನೂ ಅಳಿಸಬ್ಯಾಡ ಅಂತ ಹೇಳ್ರಿ. ಮತ್ತ ಶೈಲಾ ಅವ್ರ, ನೀವು ಅಕಿ ಕೇಳಿದ್ದಕ್ಕೆಲ್ಲಾ ಖರೆ ಖರೆ ಹೇಳ್ರಿ.”

ಸಹನಾ ಕಣ್ಣು ಒರೆಸಿಕೊಂಡು ಬಂದು ಫೋನನ್ನು ನನ್ನ ಮುಂದೆ ನಿಲ್ಲಿಸಿ ಧ್ವನಿಮುದ್ರಣ ಶುರು ಮಾಡಿದಳು.

“ಹೆಸರು?”

“ನನ್ನ ಹೆಸರು ನಿನಗ ಗೊತ್ತಿಲ್ಲೇನ?”

“ದಾಖಲೆಗೆ ಬೇಕು. ಎಷ್ಟು ಹೊತ್ತು ಬಿಸಿ ಮಾಡ್ತಿದ್ದಿ?”

“ಕೈಗೆ ಕಡಕ್ ಹತ್ತೂ ತನಕ.”

“ಸೆಕೆಂಡಿನ್ಯಾಗ ಹೇಳು.”

ಹೇಳಲು ಬರಲಿಲ್ಲ. ಹಂಚು ಇಡಿಸಿ, ಗಡಿಯಾರ ಹಿಡಿದು, ನನ್ನ ಕೈಯಿಂದಲೇ ಮೂರು ಸಲ ಮಾಡಿಸಿದಳು. ಆಮೇಲೆ ಅಜ್ಜಿಯಿಂದ ಅಂಗೈ ಅಗಲದ ಎರಡು ಹೊಸ ರೊಟ್ಟಿ ಮಾಡಿಸಿಕೊಂಡಳು. ಒಂದನ್ನು ದಿನಾ ಎಣಿಸಿದಷ್ಟು ಸೆಕೆಂಡು ಬಿಸಿ ಮಾಡುವುದು, ಇನ್ನೊಂದನ್ನು ಮುಟ್ಟದೆ ಇಡುವುದು. ಶನಿವಾರ ಬೆಳಗಿನ ಹೊತ್ತಿಗೆ ಮುಟ್ಟದ ರೊಟ್ಟಿ ಬಾಗುತ್ತಿತ್ತು. ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. ಬಿಸಿ ಮಾಡಿದ್ದು ಕಡಕ್ ಇತ್ತು, ಮೇಲೆ ಕಂದು ಕಲೆಗಳು ಹೆಚ್ಚುತ್ತಿದ್ದವು.

“ಅದು ಡಬ್ಬಿ ದೋಷ,” ಎಂದರು ಅತ್ತೆ, ಬಿಳಿ ಚುಕ್ಕೆ ನೋಡಿ.

ಹಳಿಯಾಳದ ಬಸ್ಸಿನಲ್ಲಿ ಚಾರ್ಟಿನ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಒಳಗೆ ಏನಿದೆ ಎಂದು ಅವಳು ತೋರಿಸಿರಲಿಲ್ಲ. ಸಭಾಂಗಣದಲ್ಲಿ ಬಿಡಿಸಿ ಹಚ್ಚಿದಾಗ ನೋಡಿದೆ. ಏರುವ ಗೆರೆ, ಮಲಗಿದ ಎರಡು ಜಾಗಕ್ಕೆ ಕೆಂಪು ಬಣ್ಣ, ಪಕ್ಕದಲ್ಲಿ ‘ಸೋಮವಾರ: ಹಂಚು ಇಲ್ಲ’. ಕೆಳಗೆ ದಪ್ಪ ಅಕ್ಷರದಲ್ಲಿ ‘ಪ್ರಯೋಗದಲ್ಲಿ ಆದ ದೋಷ ಮತ್ತು ಅದರ ಕಾರಣ’. ಕಾರಣದ ಜಾಗದಲ್ಲಿ ನನ್ನ ಫೋಟೊ! ಹಂಚಿನ ಮುಂದೆ, ಹಿಟ್ಟಿನ ಕೈಯಲ್ಲಿ, ಬೆವರಿದ ಮುಖದಲ್ಲಿ. ಬಂದವರೆಲ್ಲ ಫೋಟೊ ನೋಡುವುದು, ನಂತರ ತಿರುಗಿ ನನ್ನನ್ನು ನೋಡುವುದು.

ಇಬ್ಬರು ನಿರ್ಣಾಯಕರು ಬಂದರು. ಸಹನಾ ಒಂದೂ ತಡವರಿಸದೆ ಎಲ್ಲ ಹೇಳಿದಳು. ಏನು ಅಂದುಕೊಂಡೆ, ಎಲ್ಲಿ ತಪ್ಪಿದೆ, ಯಾವ ಫೋಟೊದಿಂದ ಗೊತ್ತಾಯಿತು, ಆಮೇಲೆ ಹೇಗೆ ಪರೀಕ್ಷಿಸಿದೆ. ವಯಸ್ಸಾದ ನಿರ್ಣಾಯಕರು ಚಾರ್ಟಿನ ಫೋಟೊಗೆ ಬೆರಳು ತೋರಿಸಿ, “ಕಾರಣ ಇವ್ರೇನು?” ಎಂದರು.

“ಹೌದ್ರಿ.”

ಅವರು ನನಗೆ ಕೈ ಮುಗಿದರು. ನಾನೂ ಮುಗಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಜೊತೆಗಿದ್ದ ನಿರ್ಣಾಯಕಿ ಪೆನ್ನು ತೆರೆದು ಕೊನೆಯ ಪ್ರಶ್ನೆ ಕೇಳಿದರು. “ಮುಂದಿನ ಸಲ ಪ್ರಯೋಗ ಮಾಡುವಾಗ ಈ ದೋಷ ಬರದಂಗ ಏನು ಮಾಡ್ತಿ?”

ಸಹನಾ ಒಂದು ಕ್ಷಣವೂ ಯೋಚಿಸಲಿಲ್ಲ.

“ಪ್ರಯೋಗ ಮುಗಿಯೂ ತನಕ ಮಮ್ಮಿನ್ನ ತವರಮನಿಗೆ ಕಳಸ್ತೇನ್ರಿ.”

ಅವರು ನಗಲಿಲ್ಲ. ‘ಸುಧಾರಣೆ’ ಎಂಬ ಖಾನೆಯಲ್ಲಿ ಅದನ್ನು ಇದ್ದ ಹಾಗೆಯೇ ಬರೆದುಕೊಂಡು, ಎದುರಿಗೆ ಪೂರ್ತಿ ಅಂಕ ಹಾಕಿದರು!